ಸಪಾಟು ಬೆನ್ನಿನ ಫೋನು

ಅಂಬರೀಶನ ಕಿವಿ ಕಡಿದದ್ದು ನಾನೇ. ಬಲಗಿವಿಯ ಕೆಳತುದಿ. ಏಳು ಹೊಲಿಗೆ ಬಿದ್ದವು ಎಂದು ಗಬ್ಬೂರಿನವರು ಹೇಳುತ್ತಾರೆ, ಒಂಬತ್ತು ಎಂದು ಕಲ್ಲೂರಿನವರು. ಕಲ್ಲೂರು ನನ್ನ ಊರು, ಅಲ್ಲಿನವರಿಗೆ ನನ್ನ ಮೇಲೆ ಅಭಿಮಾನ ಜಾಸ್ತಿ. ಆ ದಿನ ಓಣಿಯ ಹೆಂಗಸರು ನನ್ನ ಜಡೆ ಹಿಡಿದು ಎಳೆಯದಿದ್ದರೆ ಪೂರ್ತಿ ಕಿವಿ ನನ್ನ ಬಾಯಲ್ಲಿರುತ್ತಿತ್ತು. ಇದನ್ನು ಹೇಳಲು ನನಗೆ ಯಾವ ನಾಚಿಕೆಯೂ ಇಲ್ಲ. ನಾಚಿಕೆ ಇರುವುದು ಬೇರೆ ವಿಷಯಕ್ಕೆ, ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಹೆಸರು ಭಾಗ್ಯಜ್ಯೋತಿ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಗಲ್ಲಿಯಲ್ಲಿ ಮೌಲಾಹುಸೇನ ಉಸ್ತಾದರ ಮೊಬೈಲ್ ರಿಪೇರಿ ಅಂಗಡಿಯಿದೆ. ಹನ್ನೊಂದು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದೇನೆ. ಉಸ್ತಾದರು ಮೊದಲು ರೇಡಿಯೊ ಬಿಚ್ಚಿದವರು, ಆಮೇಲೆ ಗಡಿಯಾರ, ಈಗ ಮೊಬೈಲು. ನನಗೆ ಕೈ ಮುಂದು, ಮಾತು ಹಿಂದು. "ಹೆಣ್ಮಗಳು ಫೋನ್ ಬಿಚ್ಚತಾಳಂತ" ಎಂದು ನಗುತ್ತಾ ನನ್ನ ಭುಜಕ್ಕೆ ಕೈ ತಾಗಿಸಿದ ಒಬ್ಬ ಗಿರಾಕಿಯ ಮುಂಗೈಗೆ ಸೋಲ್ಡರ್ ಮಾಡುವ ಕಾದ ಕಡ್ಡಿಯನ್ನು ಇಟ್ಟವಳು ನಾನು. ಉಸ್ತಾದರು ಅವನ ಕೈಗೆ ಮುಲಾಮು ಹಚ್ಚಿ ಕಳಿಸಿ, ನನಗೆ ಚಹಾ ತರಿಸಿಕೊಟ್ಟರು.

ನಮ್ಮಿಬ್ಬರ ನಡುವೆ ದಿನಾ ನಡೆಯುವ ಜಗಳ ಒಂದೇ: ಫೋನಿನ ಬೆನ್ನು. ಈಗಿನ ಫೋನುಗಳ ಹಿಂದೆ ಕ್ಯಾಮೆರಾ ಉಬ್ಬಿಕೊಂಡು ಹೊರಗೆ ನಿಂತಿರುತ್ತದಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೇಜಿನ ಮೇಲಿಟ್ಟರೆ ಕುಂಟು ಸ್ಟೂಲಿನ ಹಾಗೆ ಅಲ್ಲಾಡುತ್ತದೆ. ಜೇಬಿನಲ್ಲಿಟ್ಟರೆ ತಲೆಭಾರ, ಬಗ್ಗಿದರೆ ಬುಡಮೇಲಾಗಿ ಜಾರುತ್ತದೆ. ಬಿದ್ದಾಗ ಮೊದಲು ನೆಲಕ್ಕೆ ಬಡಿಯುವುದು ಆ ಗಾಜೇ. ನಮ್ಮ ಅಂಗಡಿಯ ಅರ್ಧ ಕೆಲಸ ಆ ಗಾಜಿನಿಂದಲೇ ಬರುತ್ತದೆ. ಅನ್ನ ಕೊಡುವುದನ್ನೇ ಬೈಯುತ್ತಿ ಎಂದು ಉಸ್ತಾದರು ನಗುತ್ತಾರೆ.

"ಒಂದು ಕಾಳಿನಷ್ಟು ದಪ್ಪ ಮಾಡ್ಲಿ ಉಸ್ತಾದ್. ಬ್ಯಾಟ್ರಿನೂ ದೊಡ್ಡದು ಕುಂದರ್ತದ, ಕ್ಯಾಮೆರಾನೂ ಒಳಗ ಹೋಗ್ತದ. ಯಾಕ ಮಾಡಂಗಿಲ್ಲ?"

"ದಪ್ಪ ಮಾಡಿದ್ರ ನೀ ಒಬ್ಬಾಕಿ ತಗೋತಿ ಬೇಟಿ. ಮಂದಿಗಿ ಫೋನು ಹಪ್ಪಳದಂಗ ಇರಬೇಕು, ಫೋಟೋ ಮಾತ್ರ ಮದುವಿ ಸ್ಟುಡಿಯೋದಂಗ ಬರಬೇಕು. ಛಲೋ ಫೋಟೋಕ್ಕ ಗಾಜಿಗಿ ಆಳ ಬೇಕು. ಒಳಗ ಜಾಗ ಇಲ್ಲಂದ್ರ ಹೊರಗ ಬರ್ತದ."

"ಹಂಗಂತ ಬೆನ್ನ ಮ್ಯಾಲ ಕುರುವು ಎಬ್ಬಸೋದಾ?"

ಗಿರಾಕಿಗಳೂ ಪಾಲು ಹಂಚಿಕೊಳ್ಳುತ್ತಾರೆ. ಒಮ್ಮೆ ಮಟಮಾರಿಯ ಇಬ್ಬರು ಗೆಳೆಯರು ಇದೇ ಮಾತಿಗೆ ಕೊರಳಪಟ್ಟಿ ಹಿಡಿದುಕೊಂಡರು. ಒಬ್ಬನ ತುಟಿ ಒಡೆದು ರಕ್ತ ಗಾಜಿನ ಕೌಂಟರಿನ ಮೇಲೆ ಬಿತ್ತು. ಉಸ್ತಾದರು ಇಬ್ಬರ ತಲೆಗೂ ಒಂದೊಂದು ಬಿಗಿದು ಹೊರಗೆ ಹಾಕಿದರು. ಆ ರಕ್ತ ಒರೆಸಿದವಳೂ ನಾನೇ. ಫೋನು ಸಪಾಟಾಗಿದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ ಎಂದು ಒರೆಸುತ್ತಲೇ ಹೇಳಿದೆ.

ಇನ್ನು ನನ್ನ ತಂಗಿ ಸೌಭಾಗ್ಯಳ ವಿಷಯ. ಅಪ್ಪ ಇಲ್ಲ, ಅಣ್ಣತಮ್ಮಂದಿರಿಲ್ಲ. ಕಲ್ಲೂರಿನಲ್ಲಿ ಅವ್ವ, ರಾಯಚೂರಿನಲ್ಲಿ ನಾನು. ಸೌಭಾಗ್ಯಳನ್ನು ಮೂರು ವರ್ಷದ ಹಿಂದೆ ದೇವದುರ್ಗ ತಾಲ್ಲೂಕಿನ ಗಬ್ಬೂರಿಗೆ ಕೊಟ್ಟೆವು. ಗಂಡ ಅಂಬರೀಶ. ಸ್ವಂತ ಗೂಡ್ಸ್ ಗಾಡಿ ಓಡಿಸುತ್ತಾನೆ, ರಾಯಚೂರಿಗೆ ಹತ್ತಿ ತರುತ್ತಾನೆ, ಮಾತು ಬೆಲ್ಲ. ಮದುವೆಯಲ್ಲಿ ಅಳಿಯನಿಗೆ ಗಡಿಯಾರ ಕೊಡುವ ಬದಲು ನಾನು ಫೋನು ಕೊಟ್ಟೆ. ಅಂಗಡಿ ಅಂಗಡಿ ಅಲೆದು, ಬೆನ್ನು ಸಪಾಟಾಗಿ ಇರುವಂಥದ್ದನ್ನೇ ಹುಡುಕಿ ತಂದೆ. ಇಟ್ಟಿಗೆಯ ಹಾಗೆ ಗಟ್ಟಿ, ಕೈಗೆ ತೂಕ, ಮೇಜಿನ ಮೇಲಿಟ್ಟರೆ ಅಲ್ಲಾಡುವುದಿಲ್ಲ. ಮಂಟಪದಲ್ಲೇ ಅದನ್ನು ತಿರುಗಿಸಿ ತೋರಿಸಿ ಅದರ ಗುಣ ಹೇಳಿದೆ. ಬಂದವರೆಲ್ಲ ನಕ್ಕರು.

ಈ ವರ್ಷ ಯುಗಾದಿಗೆ ಅಂಬರೀಶ ಹೊಸ ಫೋನು ಕೊಂಡ. ಮೂರು ಕಣ್ಣಿನ ಕ್ಯಾಮೆರಾ, ಮೂರೂ ಹೊರಗೆ. ಅದನ್ನು ತೋರಿಸಲು ಅಂಗಡಿಗೆ ಬಂದ. ನನ್ನ ಮುಖ ನೋಡಿಯೇ ಅವನಿಗೆ ಖುಷಿ.

"ಅಕ್ಕಾರ, ನಿಮ್ಮ ಫೋನು ಮುದುಕರದು. ಇದು ನೋಡ್ರಿ, ಚಂದ್ರನ ಮ್ಯಾಲಿನ ಕಪ್ಪು ಕಲಿ ಸೈತ ಕಾಣಸ್ತದ."

"ಚಂದ್ರನ ಮ್ಯಾಲ ನಿಮಗ ಏನು ಕೆಲಸ ಅದ?"

"ಹಿಂಗ ನೋಡ್ತಿರಬೇಕ್ರಿ" ಎಂದು ನಕ್ಕ. ಉಸ್ತಾದರೂ ನಕ್ಕರು. ಹಳೆಯ ಫೋನನ್ನು ಅವನು ನನಗೇ ಬಿಟ್ಟುಹೋದ. ಅಂದಿನಿಂದ ಅದನ್ನು ನಾನೇ ಬಳಸುತ್ತಿದ್ದೆ. ಉಸ್ತಾದರ ಜೊತೆ ವಾದ ಬಿದ್ದಾಗಲೆಲ್ಲ ಅದನ್ನು ಕೌಂಟರಿನ ಮೇಲಿಟ್ಟು, ನೋಡಿ, ಒಂಚೂರೂ ಅಲ್ಲಾಡಲ್ಲ ಎಂದು ಬೆರಳಿನಿಂದ ಒತ್ತಿ ತೋರಿಸುತ್ತಿದ್ದೆ.

ತಿಂಗಳೊಪ್ಪತ್ತಿನಲ್ಲಿ ಅವನ ಹೊಸ ಫೋನಿನ ಕ್ಯಾಮೆರಾ ಗಾಜು ಒಡೆಯಿತು. ಗಾಡಿಯ ಬಾನೆಟ್ ಮೇಲಿಂದ ಬಿತ್ತು ಎಂದ. ನಾನು ಗೆದ್ದವಳ ಹಾಗೆ ಉಸ್ತಾದರ ಕಡೆ ನೋಡಿ ಗಾಜು ಬದಲಿಸಿಕೊಟ್ಟೆ. ಇಪ್ಪತ್ತು ದಿನಕ್ಕೆ ಮತ್ತೆ ಒಡೆದುಕೊಂಡು ಬಂದ. ಈ ಸಲ ಒಡೆದ ಗಾಜಿನ ಸಂದಿಯಲ್ಲಿ ಒಂದು ಉದ್ದ ಕೂದಲು ಸಿಕ್ಕಿಕೊಂಡಿತ್ತು, ಕೊಬ್ಬರಿ ಎಣ್ಣೆಯ ಜಿಡ್ಡು ಬೇರೆ. ಚಿಮಟಿಗೆಯಿಂದ ಅದನ್ನು ಎಳೆದು ತೆಗೆದು ಅವನ ಮುಂದೆ ಹಿಡಿದೆ.

"ಏನ್ರಿ, ಫೋನಿನಾಗ ನಮ್ಮ ತಂಗಿನ್ನ ಬಚ್ಚಿಟ್ಟೀರೇನು?"

ಅವನು ನಾಚಿದ ಹಾಗೆ ಮಾಡಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆ ಕೂದಲನ್ನು ನಾನು ಕಸದ ಡಬ್ಬಿಗೆ ಹಾಕಿದೆ.

ಮತ್ತೆ ಒಡೆಯಬಾರದು ಎಂದು ಅದಕ್ಕೊಂದು ಉಪಾಯ ಮಾಡಿದವಳೂ ನಾನು. ಬಜಾರಿನಲ್ಲಿ ಸಿಗುವ ತೆಳು ಕವಚ ನನಗೆ ಸೇರುವುದಿಲ್ಲ. ಹಿತ್ತಾಳೆಯ ಸಣ್ಣ ಕೊಳವೆಯನ್ನು ಬಳೆಯ ಹಾಗೆ ಕತ್ತರಿಸಿ, ಅರದಿಂದ ಉಜ್ಜಿ, ಮೂರು ಕಣ್ಣಿಗೂ ಒಂದೊಂದು ಉಂಗುರ ಕೂರಿಸಿ ಅಂಟಿಸಿದೆ. ಗಾಜಿಗಿಂತ ಉಂಗುರ ಎತ್ತರ. ಏನೇ ತಾಗಿದರೂ ಹಿತ್ತಾಳೆಗೇ ತಾಗಬೇಕು. ಕೊನೆಗೆ ಕೆಳಗಿನ ಉಂಗುರದ ಅಂಚಿಗೆ ಅರದಿಂದ ಒಂದು ಕಚ್ಚು ಹಾಕಿದೆ. ಅದು ಉಸ್ತಾದರ ಪದ್ಧತಿ. ರೇಡಿಯೊ ಕಾಲದಿಂದಲೂ ಅವರ ಕೈಯಿಂದ ಹೊರಬಿದ್ದ ಪ್ರತಿ ಸಾಮಾನಿನ ಮೇಲೆ ಎಲ್ಲೋ ಒಂದು ಕಡೆ ಆ ಕಚ್ಚು ಇರಲೇಬೇಕು, ಇದು ನಮ್ಮ ಕೆಲಸ ಎಂದು ಗುರುತು ಸಿಗಲು.

ಫೋನನ್ನು ಅಂಬರೀಶನ ಕೈಗಿಟ್ಟು ನಾನು ಹೇಳಿದ ಮಾತು ಇದು: "ಇನ್ನ ಎದಕ್ಕ ಬಡದ್ರೂ ಒಡಿಯಂಗಿಲ್ಲ ನೋಡ್ರಿ."

ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತವರಿಗೆ ಬರಲೇಬೇಕು, ಕರೆಯಲು ಅಣ್ಣನೋ ತಮ್ಮನೋ ಹೋಗಬೇಕು. ಸೌಭಾಗ್ಯಳಿಗೆ ಅಣ್ಣನೂ ನಾನೇ, ತಮ್ಮನೂ ನಾನೇ. ಹೋದ ವರ್ಷ ಕರೆತಂದಾಗ ನಾನೇ ಎಣ್ಣೆ ಹಚ್ಚಿ ಎರೆದಿದ್ದೆ. ಮೈಮೇಲೆ ಒಂದು ಗೀರೂ ಇರಲಿಲ್ಲ. ತಲೆ ತಿಕ್ಕುವಾಗ ಮಾತ್ರ "ಮೆಲ್ಲಕ ಅಕ್ಕ, ಮೆಲ್ಲಕ" ಎನ್ನುತ್ತಿದ್ದಳು. ಗಂಡನ ಮನೆಗೆ ಹೋಗಿ ನಾಜೂಕಾಗಿದ್ದಿ ಎಂದು ಬೈದು ಇನ್ನೂ ಜೋರಾಗಿ ತಿಕ್ಕಿದೆ. ಈ ವರ್ಷ ಅಂಬರೀಶ ಮೊದಲೇ ಫೋನು ಮಾಡಿ, ಅವಳಿಗೆ ಜ್ವರ, ಕರೆಯಲು ಬರಬೇಡಿ ಎಂದ. ಜ್ವರ ಬಂದವಳನ್ನು ನೋಡದೆ ಅವ್ವ ಉಂಡಿ ಕಟ್ಟುವುದಿಲ್ಲ. ರೊಟ್ಟಿ ಹಬ್ಬದ ದಿನ ಬೆಳಿಗ್ಗೆಯೇ ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದೆ.

ಪಂಚಮಿಯ ದಿನ ಒಲೆಗೆ ಹಂಚು ಇಡುವುದಿಲ್ಲ, ಅದಕ್ಕೇ ಹಿಂದಿನ ದಿನ ಮನೆಮನೆಯಲ್ಲೂ ಸಜ್ಜೆ ರೊಟ್ಟಿ ಬಡಿದು ಓಣಿಯವರಿಗೆಲ್ಲ ಹಂಚುತ್ತಾರೆ. ಓಣಿಯ ತುಂಬ ರೊಟ್ಟಿ ಬಡಿಯುವ ಸದ್ದು. ಅಂಬರೀಶ ಮನೆಯ ಮುಂದಿನ ಕಟ್ಟೆಯ ಮೇಲೆ ಫೋನು ನೋಡುತ್ತಾ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತು "ಬರ್ರಿ ಅಕ್ಕಾರ" ಎಂದ, ಮುಖ ಮಾತ್ರ ಬಾ ಎನ್ನಲಿಲ್ಲ. ಒಳಗೆ ಅವನ ತಾಯಿ ಹುಲಗೆಮ್ಮ ಒಲೆಯ ಮುಂದೆ, ಸೌಭಾಗ್ಯ ರೊಟ್ಟಿಯ ಹಲಗೆಯ ಮುಂದೆ. ಜ್ವರ ಬಂದವಳು ಹಿಟ್ಟು ನಾದುತ್ತಿದ್ದಳು. ಸೆರಗು ಹುಬ್ಬಿನವರೆಗೂ ಇಳಿದಿತ್ತು.

"ನೀ ಯಾಕ ಬರಾಕ ಹೋದೆವ್ವಾ" ಎಂದಳು ಹುಲಗೆಮ್ಮ. "ಜ್ವರದಾಗ ಕಣ್ಣು ಕತ್ಲಿ ಬಂದು ಬಾಗಿಲ ಚೌಕಟ್ಟಿಗಿ ಹಾಯ್ದಾಳ. ಹಣಿ ಒಂದೀಟು ಬಾತದ."

ನಾನು ಸೆರಗು ಸರಿಸಿದೆ. ಬಲಗಣ್ಣು ಮುಚ್ಚಿಹೋಗಿತ್ತು, ರೆಪ್ಪೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಹುಬ್ಬಿನ ಮೇಲೆ ಚರ್ಮ ಕಿತ್ತುಬಂದಿತ್ತು. ಕಿತ್ತುಬಂದ ಕಡೆ ಮೂರು ಸುತ್ತು: ಎರಡು ಅಕ್ಕಪಕ್ಕ, ಅವುಗಳ ಕೆಳಗೆ ಒಂದು. ಕೆಳಗಿನ ಸುತ್ತು ಒಂದು ಕಡೆ ಕೂಡಿರಲಿಲ್ಲ. ನನ್ನ ಅರದ ಕಚ್ಚಿನಷ್ಟು ಜಾಗದಲ್ಲಿ ಚರ್ಮ ಉಳಿದಿತ್ತು.

ಯಾವ ಚೌಕಟ್ಟಿಗೂ ಮೂರು ಕಣ್ಣಿರುವುದಿಲ್ಲ. ನನಗೆ ಸಿಟ್ಟು ಬಂದರೆ ಮೈ ಬಿಸಿಯಾಗುತ್ತದೆ, ಅವತ್ತು ತಣ್ಣಗಾಯಿತು. ಎರಡು ಸಲ ಒಡೆದ ಗಾಜು, ಎಣ್ಣೆ ಜಿಡ್ಡಿನ ಕೂದಲು, ಎದಕ್ಕ ಬಡದ್ರೂ ಒಡಿಯಂಗಿಲ್ಲ ಎಂದ ನನ್ನ ಬಾಯಿ, ಎಲ್ಲ ಒಟ್ಟಿಗೇ ನೆನಪಾಯಿತು.

"ಏನಾಗ್ಯದ ಹೇಳು."

"ಚೌಕಟ್ಟು ಬಡದದ ಅಕ್ಕ" ಎಂದಳು ಸೌಭಾಗ್ಯ. ಅವಳ ಕೈ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

ಹೊರಗೆ ಬಂದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಮೆತ್ತಗಿತ್ತು. "ಆ ಉಂಗುರ ಸಡ್ಲ ಆಗ್ಯಾವೇನು ನೋಡ್ತೀನಿ, ಕೊಡ್ರಿ ಇಲ್ಲಿ."

"ಬಂದೋಬಸ್ತ್ ಅದಾವ ಅಕ್ಕಾರ, ನೀವು ಮಾಡಿದ್ದು" ಎಂದು ಕೊಟ್ಟ. ಅವನಿಗೆ ಏನೂ ತೋಚಿರಲಿಲ್ಲ. ಹಣೆಯ ಮೇಲೆ ಫೋನಿನ ಗುರುತು ಉಳಿದಿದೆ ಎಂದು ಅವನಿಗೆ ಹೊಳೆದೇ ಇರಲಿಕ್ಕಿಲ್ಲ.

ಒಳಗೆ ಹೋಗಿ ಹಲಗೆಯ ಮೇಲಿದ್ದ ಹಿಟ್ಟಿನ ಉಂಡೆಗೆ ಫೋನಿನ ಬೆನ್ನನ್ನು ಒತ್ತಿ ಎತ್ತಿದೆ. ಮೂರು ಸುತ್ತು ಸ್ವಚ್ಛವಾಗಿ ಮೂಡಿದವು. ಕೆಳಗಿನದರಲ್ಲಿ ಕಚ್ಚು. ಆ ಉಂಡೆಯನ್ನು ಎತ್ತಿ ತಂಗಿಯ ಹಣೆಯ ಪಕ್ಕಕ್ಕೆ ಹಿಡಿದು ಹುಲಗೆಮ್ಮಳ ಕಡೆ ತಿರುಗಿಸಿದೆ.

"ನೋಡ್ರಿ ಅತ್ತಿ. ನಿಮ್ಮ ಮನಿ ಚೌಕಟ್ಟು."

ಹುಲಗೆಮ್ಮ ನೋಡಿದಳು. ಒಲೆಯ ಮೇಲಿನ ರೊಟ್ಟಿ ಸೀದು ಹೊಗೆ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಅಂಬರೀಶ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಬೆಲ್ಲದ ಮಾತಿನ ಅಳಿಯ ಎರಡು ಹೆಜ್ಜೆಗೆ ಒಳಗೆ ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡ. "ನನ್ನ ಮನ್ಯಾಗ ಬಂದು ಪಂಚಾಯ್ತಿ ಮಾಡ್ತೀಯೇನಲೇ ರಂಡಿ" ಎಂದವನೇ ಅದೇ ಫೋನಿನಿಂದ ನನ್ನ ಕೆನ್ನೆಯ ಎಲುಬಿಗೆ ಹೊಡೆದ. ತಲೆಯೊಳಗೆ ಹಂಚು ಒಡೆದ ಹಾಗೆ ಸದ್ದಾಯಿತು. ಎರಡನೆಯದು ಕಿವಿಯ ಮೇಲೆ, ಮೂರನೆಯದು ಹೆಗಲಿಗೆ. ನಾನು ಹಿಂದಕ್ಕೆ ಬಿದ್ದೆ, ಹಿಟ್ಟಿನ ಬುಟ್ಟಿ ಉರುಳಿತು. ಹೊಟ್ಟೆಗೆ ಒದ್ದ. ಎರಡನೇ ಸಲ ಒದೆಯಲು ಎತ್ತಿದ ಕಾಲನ್ನು ಹಿಡಿದು ಎಳೆದೆ. ಅವನು ನನ್ನ ಮೇಲೆ ಬಿದ್ದ, ಅವನ ಕಿವಿ ನನ್ನ ಬಾಯಿಯ ಹತ್ತಿರ ಬಂತು.

ಕಚ್ಚಿದೆ. ಅವನು ನನ್ನ ಪಕ್ಕೆಗೆ ಗುದ್ದಿದಷ್ಟೂ ಹಲ್ಲು ಇಳಿಸಿದೆ. ಬಾಯಲ್ಲಿ ಉಪ್ಪು, ಉಪ್ಪಿನ ಜೊತೆ ಸಜ್ಜೆಹಿಟ್ಟು. ಅವನು ಕೂಗಿದ ಕೂಗಿಗೆ ಓಣಿಯಲ್ಲಿ ರೊಟ್ಟಿ ಬಡಿಯುವ ಸದ್ದೆಲ್ಲ ನಿಂತಿತು. ನನಗೆ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಪಕ್ಕದ ಮನೆಗಳ ಹೆಂಗಸರು ಓಡಿಬಂದು ನನ್ನ ಜಡೆ ಹಿಡಿದು ಎಳೆದು ಬಿಡಿಸಿದರು. ಅವನು ಕಿವಿ ಒತ್ತಿಕೊಂಡು, ಫೋನು ಜೇಬಿಗಿಟ್ಟುಕೊಂಡು ಬೈಕು ಹತ್ತಿ ಹೋದ.

ಉಂಡೆ ಎಲ್ಲಿ ಎಂದು ತಿರುಗಿ ನೋಡಿದೆ. ಹುಲಗೆಮ್ಮ ಅದನ್ನು ನೆಲದಿಂದ ಎತ್ತಿ ಮತ್ತೆ ನಾದುತ್ತಿದ್ದಳು. ಬಂದ ಹೆಂಗಸರ ಕಣ್ಣೆದುರೇ ಅದನ್ನು ಹಲಗೆಗೆ ಹಾಕಿ, ಬಡಿದು ತೆಳ್ಳಗೆ ಮಾಡಿ, ಎಳ್ಳು ಉದುರಿಸಿ ಹಂಚಿಗೆ ಹಾಕಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಮಗನ ತಾಯಿ ಅವಳು, ಮತ್ತೇನು ಮಾಡುತ್ತಾಳೆ. ಆದರೂ ಆ ಹೊತ್ತಿಗೆ ಅವಳ ಕೈಯನ್ನೂ ಹಂಚಿಗೆ ಒತ್ತಬೇಕು ಅನ್ನಿಸಿತು.

ಸೌಭಾಗ್ಯ ಎದ್ದು ಬಂದು ತನ್ನ ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು. ಒರೆಸುವವಳ ಕೈ ನಡುವೆಯೇ ನಿಂತಿತು. ಏನು ಕಂಡಳೋ ಆಗ ನನಗೆ ತಿಳಿಯಲಿಲ್ಲ. "ನಡಿ ಅಕ್ಕ" ಎಂದಳು. ಚಪ್ಪಲಿ ಹಾಕಿಕೊಳ್ಳದೆ ಬಂದಳು.

ದೇವದುರ್ಗದ ಸರಕಾರಿ ದವಾಖಾನೆಗೆ ನಾವು ಹೋಗುವುದರೊಳಗೆ ಅಂಬರೀಶ ಅಲ್ಲಿದ್ದ. ಒಳಗಿನ ಕೋಣೆಯಲ್ಲಿ ಕಿವಿ ಹೊಲಿಸಿಕೊಳ್ಳುತ್ತಿದ್ದ. ಅವನ ಹೇಳಿಕೆಯನ್ನು ಹೆಡ್ ಕಾನ್‌ಸ್ಟೇಬಲ್ ಸುಭಾಷ್ ಬರೆದುಕೊಂಡು ಮುಗಿಸಿದ್ದರು: ಹೆಂಡತಿ ಜ್ವರದಲ್ಲಿ ಚೌಕಟ್ಟಿಗೆ ಹಾಯ್ದಳು, ಅವಳ ಅಕ್ಕ ಮೊದಲಿಂದಲೂ ತಲೆಕೆಟ್ಟವಳು, ಹಬ್ಬದ ದಿನ ಮನೆಗೆ ನುಗ್ಗಿ ಕಿವಿ ಕಡಿದಳು. ಕಾದ ಕಡ್ಡಿಯಿಂದ ಗಿರಾಕಿಯನ್ನು ಸುಟ್ಟ ಕಥೆಯನ್ನೂ ಬಿಟ್ಟಿರಲಿಲ್ಲ. ಆ ಕಥೆಯನ್ನು ಅವನಿಗೆ ಹೇಳಿ ನಗಿಸಿದ್ದವಳು ನಾನೇ.

"ಕಡದಿದ್ದು ಖರೆ ಏನವ್ವಾ?" ಎಂದರು ಸುಭಾಷ್.

"ಖರೆ ಅದ್ರಿ."

"ಹಂಗಾದ್ರ ನಿನ್ನ ಮ್ಯಾಲ ಕೇಸ್ ಆಗ್ತದ. ಆಕಿನ್ನ ಯಾರರ ಹೊಡದಾರ ಅಂದ್ರ ಆಕೀನೇ ಹೇಳಬೇಕು. ನೀ ಹೇಳಿದ್ರ ನಡಿಯಂಗಿಲ್ಲ."

ಬಸ್ಸಿನಲ್ಲಿ ಅಷ್ಟು ದೂರ ಸೌಭಾಗ್ಯ ನನ್ನ ಕೈ ಹಿಡಿದುಕೊಂಡೇ ಬಂದಿದ್ದಳು. ಈಗ ಬೆಂಚಿನ ಮೇಲೆ ಕುಳಿತು ತನ್ನ ಬರಿಗಾಲು ನೋಡುತ್ತಿದ್ದಳು. ಚೌಕಟ್ಟು ಎಂದು ಇನ್ನೊಂದು ಸಲ ಹೇಳಿದರೆ ಮುಗಿಯಿತು. ನಾನು ಜೈಲಿಗೆ ಹೋದರೂ ಚಿಂತೆಯಿರಲಿಲ್ಲ. ಅವಳು ಆ ಮನೆಗೆ ವಾಪಸು ಹೋಗುತ್ತಾಳೆ, ಮುಂದಿನ ಸಲ ಅವನು ಹುಬ್ಬಿನ ಮೇಲೆ ಹೊಡೆಯುವುದಿಲ್ಲ, ಸರಿಯಾಗಿ ಕಣ್ಣಿಗೇ ಹೊಡೆಯುತ್ತಾನೆ. ನನ್ನ ಹಿತ್ತಾಳೆ ಒಡೆಯುವುದಿಲ್ಲ, ಅವಳ ಕಣ್ಣು ಒಡೆಯುತ್ತದೆ.

ಡಾಕ್ಟರ್ ಆತಿಯಾ ಮೊದಲು ಅವಳ ಕಣ್ಣಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. ಆಮೇಲೆ ನನ್ನ ಕೆನ್ನೆಯ ರಕ್ತ ಒರೆಸಿದರು. ಮೇಜಿನ ಖಾನೆಯಿಂದ ಶಾಲೆಯ ಮಕ್ಕಳ ಪ್ಲಾಸ್ಟಿಕ್ ಸ್ಕೇಲು ತೆಗೆದು ನನ್ನ ಕೆನ್ನೆಗೆ ಇಟ್ಟರು, ಆಮೇಲೆ ಸೌಭಾಗ್ಯಳ ಹಣೆಗೆ ಇಟ್ಟರು. ಮತ್ತೆ ನನ್ನ ಕೆನ್ನೆಗೆ.

"ಸುಭಾಷ್, ಸ್ವಲ್ಪ ಇಲ್ಲಿ ಬರ್ರಿ. ಇಬ್ರಿಗೂ ಮೂರು ರೌಂಡು, ಒಂದೇ ಅಳತಿ. ಕೆಳಗಿಂದು ಇಬ್ರದೂ ಅದೇ ಜಾಗದಾಗ ಕಟ್ ಆಗ್ಯದ."

ಸುಭಾಷ್ ಬಗ್ಗಿ ನೋಡಿದರು. ಒಳಗಿನ ಕೋಣೆಗೆ ಹೋಗಿ ಬಂದಾಗ ಅವರ ಕೈಯಲ್ಲಿ ಅಂಬರೀಶನ ಫೋನಿತ್ತು. ಅದನ್ನು ಮಗುಚಿ ಮೇಜಿನ ಮೇಲಿಟ್ಟರು. ಹಿತ್ತಾಳೆಯ ಅಂಚಿನಲ್ಲಿ ಸಜ್ಜೆಹಿಟ್ಟು ಒಣಗಿ ನಿಂತಿತ್ತು.

"ಹೇಳವ್ವಾ" ಎಂದರು ಸೌಭಾಗ್ಯಳಿಗೆ. "ಚೌಕಟ್ಟೋ, ಇದೋ?"

ಅವಳು ಫೋನನ್ನು ನೋಡಲಿಲ್ಲ, ನನ್ನ ಕೆನ್ನೆಯನ್ನು ನೋಡಿದಳು.

"ಇದರ್ಲೇ ಹೊಡದಾರ್ರಿ. ಊಟಕ್ಕ ತಡ ಆದ್ರ ಹೊಡಿತಾರ. ಫೋನ್ ಯಾರದು ಅಂತ ಕೇಳಿದ್ರ ಹೊಡಿತಾರ. ತಲಿಗೇ ಹೊಡಿತಾರ್ರಿ, ಕೂದಲಾಗ ಕಾಣಂಗಿಲ್ಲಂತ. ಈ ಸಲ ನಾ ಮುಖ ತಿರುವಿದೆ, ಹಣಿಗಿ ಬಿತ್ತು."

"ಯಾವಾಗಿಂದ?"

"ಲಗ್ನ ಆಗಿ ಎರಡು ತಿಂಗಳಿಂದ್ರಿ."

"ಮೂರು ವರ್ಷ ಆತಲ್ಲವ್ವಾ" ಎಂದರು ಡಾಕ್ಟರು. "ಹಳೀ ಗಾಯದ ಗುರುತು ಒಂದೂ ಇಲ್ಲ. ತವರಿಗಿ ಹೋದಾಗ ಯಾರೂ ನೋಡಿಲ್ಲೇನು?"

"ನಮ್ಮಕ್ಕ ಪಂಚಮಿಗೊಮ್ಮಿ ತಲಿಗಿ ಎಣ್ಣಿ ಹಚ್ಚಿ ಎರಿತಿದ್ಲು. ಆಕಿಗೂ ಗೊತ್ತಾಗಲಿಲ್ಲ." ಸೌಭಾಗ್ಯ ನನ್ನ ಕಡೆ ತಿರುಗಿದಳು. ಬೈಯುವ ದನಿಯಲ್ಲ ಅದು, ಇದ್ದದ್ದನ್ನು ಹೇಳುವ ದನಿ. "ನೀ ಲಗ್ನದಾಗ ಕೊಟ್ಟಿದ್ದಿ ನೋಡಕ್ಕ, ಆ ಫೋನಿನ ಬೆನ್ನು ಸಪಾಟ ಇತ್ತು. ಅದರ್ಲೆ ಹೊಡದ್ರ ಗುರುತು ಬೀಳ್ತಿರಲಿಲ್ಲ."

ಸುಭಾಷ್ ಅದನ್ನು ಹಾಗೇ ಬರೆದುಕೊಂಡರು. ಆ ಹಳೆಯ ಫೋನು ಈಗ ಎಲ್ಲಿದೆ ಎಂದು ಕೇಳಿದರು.

ನನ್ನ ಚೀಲದಲ್ಲಿತ್ತು. ತೆಗೆದು ಮೇಜಿನ ಮೇಲೆ, ಇನ್ನೊಂದರ ಪಕ್ಕ ಇಟ್ಟೆ. ಅದು ಒಂಚೂರೂ ಅಲ್ಲಾಡಲಿಲ್ಲ.